ಪರದೆಯ ಮೇಲಿನ ಬೇಸ್‌ಬಾಲೂ ನಮ್ಮ ಹೆಣ್ಣುಮಕ್ಕಳೂ

ಪರದೆಯ ಮುಂದೆ ಕುಳಿತು ಬೆರಳುಗಳಿಂದಲೇ ಆಡುವ ವೀಡಿಯೊ ಆಟಗಳೆಂದರೆ ತಂದೆತಾಯಿಗಳಾದ ನಮಗೆ ಅಷ್ಟಾಗಿ ಆದರವಿಲ್ಲ. ಅವು ಕಣ್ಣಿಗೂ ಓದಿಗೂ ಕೇಡೆಂಬ ದೂರು ಸುಳ್ಳೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಅವುಗಳಲ್ಲೊಂದು ಹೆಣ್ಣುಮಕ್ಕಳ ವಿಷಯದಲ್ಲಿ ನಡೆದುಕೊಂಡ ರೀತಿಯು ವಿಚಾರಾರ್ಹವಾಗಿರುವುದರಿಂದ ಈ ಸಂಚಿಕೆಯ ವಾಚಕರ ಮುಂದೆ ಅದನ್ನು ಇಡುತ್ತಿದ್ದೇನೆ.

ಬೇಸ್‌ಬಾಲ್ ಅಮೇರಿಕಾ ದೇಶದವರ ಅಚ್ಚುಮೆಚ್ಚಿನ ಆಟ. ಎಸೆದ ಚೆಂಡನ್ನು ದುಂಡನೆಯ ದಾಂಡಿನಿಂದ ಹೊಡೆದು, ಬೇಸ್ ಎಂಬ ನಾಲ್ಕು ನೆಲೆಗಳನ್ನು ಸುತ್ತಿ ಓಡಿಬರುವುದೇ ಅದರ ಸಾರ. ಅಲ್ಲಿಯ ಮೇಜರ್ ಲೀಗಿನ ೩೦ ತಂಡಗಳನ್ನೂ ಆಟಗಾರರನ್ನೂ ಹೆಸರುಸಹಿತ ಪರದೆಗೆ ತಂದಿರುವ ಆಟವೇ ‘ಎಂಎಲ್‌ಬಿ ದ ಷೋ’. ೨೦೨೪ರಲ್ಲಿ ಹೊರಬಂದ ಆವೃತ್ತಿಯಲ್ಲಿ, ಆಡುವವರು ಒಬ್ಬ ಹುಡುಗಿಯನ್ನು ಕಲ್ಪಿಸಿಕೊಂಡು ಆಕೆಯನ್ನು ಕಿರಿಯ ತಂಡದಿಂದ ಮೇಜರ್ ಲೀಗಿನವರೆಗೂ ಏರಿಸಬಹುದು. ಕೇಳುವುದಕ್ಕೆ ಸಂತೋಷವೇ ಸರಿ. ಆದರೆ ನಿಜವಾದ ಮೈದಾನದಲ್ಲಿ ಇದುವರೆಗೆ ಯಾವ ಹೆಂಗಸೂ ಆ ಲೀಗಿನ ಪಂದ್ಯವನ್ನು ಆಡಿದ್ದಿಲ್ಲ.

ಇದಕ್ಕೆ ಹೆಣ್ಣಿನ ಅಶಕ್ತಿಯೇ ಕಾರಣವೆನ್ನುವವರು ಹಿಂದೆ ನಡೆದುದನ್ನು ನೋಡಬೇಕು. ೧೯೩೧ರಲ್ಲಿ ೧೭ ವರ್ಷದ ಜಾಕಿ ಮಿಚೆಲ್ ಎಂಬಾಕೆಯು ಚಟ್ಟನೂಗ ನಗರದ ಪ್ರದರ್ಶನ ಪಂದ್ಯವೊಂದರಲ್ಲಿ ಬೇಬ್ ರೂತ್, ಲೂ ಗೆರಿಗ್ ಎಂಬ ಮಹಾ ದಾಂಡಿಗರನ್ನು ಒಬ್ಬರ ಹಿಂದೊಬ್ಬರಂತೆ ಔಟ್ ಮಾಡಿದಳು. ಅವರು ಬೇಕೆಂದೇ ಸೋತರೆಂದು ವಾದಿಸುವವರುಂಟು. ಹುಡುಗನೊಬ್ಬನು ಹಾಗೆ ಮಾಡಿದ್ದರೆ ಆ ಸಂಶಯವು ಏಳುತ್ತಿತ್ತೇ? ೧೯೫೨ರಲ್ಲಿ ಹ್ಯಾರಿಸ್‌ಬರ್ಗ್ ನಗರದ ತಂಡವು ಎಲಿನರ್ ಎಂಗಲ್ ಎಂಬ ತರುಣಿಯೊಡನೆ ಕರಾರು ಮಾಡಿಕೊಂಡಾಗಲಂತೂ, ಇನ್ನು ಮುಂದೆ ಹೆಂಗಸರೊಡನೆ ಕರಾರೇ ಕೂಡದೆಂದು ಆಟದ ಅಧಿಕಾರಿಗಳು ಅಪ್ಪಣೆ ಹೊರಡಿಸಿದರು. ಆಕೆಗೆ ಒಂದು ಪಂದ್ಯವನ್ನಾದರೂ ಆಡಲು ಸಿಕ್ಕಲಿಲ್ಲ.

ಮರುವರ್ಷವೇ ಟೋನಿ ಸ್ಟೋನ್ ಎಂಬವರು ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡವನ್ನು ಸೇರಿ ಎರಡನೆಯ ಬೇಸನ್ನು ಕಾಯತೊಡಗಿದರು. ಅದು ನೀಗ್ರೋ ಲೀಗಿನ ತಂಡ. ಬಿಳಿಯರು ಹೊರಗಿಟ್ಟಿದ್ದ ಕಪ್ಪು ಜನರಿಗಾಗಿ ಹುಟ್ಟಿಕೊಂಡ ಲೀಗು. ಲಂಗ ತೊಟ್ಟು ಆಡಬೇಕೆಂಬ ಮಾತಿಗೆ ಆಕೆ ಒಪ್ಪದೆ, ಗಂಡಸರು ತೊಡುವ ಉಡುಪಿನಲ್ಲಿಯೇ ಆಡಿದರು. ೧೯೫೪ರಲ್ಲಿ ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿದ್ದು, ಆ ಮೇಲೆ ವೃತ್ತಿಯ ಆಟವನ್ನು ಬಿಟ್ಟು ದಾದಿಯ ಕೆಲಸವನ್ನು ಮಾಡಿದರು. ೨೦೨೦ರಲ್ಲಿ ಮೇಜರ್ ಲೀಗಿನವರು ನೀಗ್ರೋ ಲೀಗುಗಳಿಗೆ ತಮ್ಮ ಸಮಾನ ಸ್ಥಾನವನ್ನು ಕೊಟ್ಟರು. ಆದರೆ ಅದು ೧೯೨೦ರಿಂದ ೧೯೪೮ರವರೆಗಿನ ಕಾಲಕ್ಕೆ ಮಾತ್ರ. ಆದಕಾರಣ ಅವರ ದಾಖಲೆಯಲ್ಲಿ ಸ್ಟೋನ್ ಅವರಿಗೆ ಎಡೆಯಿಲ್ಲ. ಎಡೆ ದೊರೆತದ್ದು ನಾನು ಮೇಲೆ ಹೇಳಿದ ವೀಡಿಯೊ ಆಟದಲ್ಲಿಯೇ. ಕನ್ಸಾಸ್ ಸಿಟಿಯ ನೀಗ್ರೋ ಲೀಗ್ ವಸ್ತುಸಂಗ್ರಹಾಲಯದ ಅಧ್ಯಕ್ಷರಾದ ಬಾಬ್ ಕೆಂಡ್ರಿಕ್ ಅವರು ಅದರಲ್ಲಿ ಆಕೆಯ ಕಥೆಯನ್ನು ಹೇಳುತ್ತಾ ಹೋಗುವರು. ಆಡುವವರು ಸ್ಟೋನ್ ಅವರೇ ಆಗಿ ದಾಂಡು ಹಿಡಿಯುವರು.

ಕಲ್ಪಿತ ಹುಡುಗಿಯ ಏಳಿಗೆಗಿಂತ ಈ ಭಾಗವೇ ನೂರು ಪಾಲು ಮೇಲೆಂದು ನನ್ನ ಅಭಿಪ್ರಾಯ. ಪರದೆಯ ಮೇಲೆ ಬಾಗಿಲು ತೆರೆಯುವುದು ಸುಲಭ. ತೆರೆದ ಬಾಗಿಲನ್ನಷ್ಟೇ ಕಂಡ ಮಗುವು, ನಿಜವಾದ ಬಾಗಿಲಿಗೆ ಅಗಳಿ ಹಾಕಿದವರು ಯಾರೆಂದು ಕೇಳುವುದೇ ಇಲ್ಲ. ೨೦೨೫ರ ಆಗಸ್ಟಿನಲ್ಲಿ ಜೆನ್ ಪಾವೊಲ್ ಅವರು ಮೇಜರ್ ಲೀಗಿನ ಪಂದ್ಯಕ್ಕೆ ಅಂಪೈರಾಗಿ ನಿಂತ ಮೊದಲ ಮಹಿಳೆಯಾದರು. ತೀರ್ಪು ಕೊಡಲು ಬಿಟ್ಟವರು ಆಡಲು ಎಂದು ಬಿಡುವರೋ ಕಾಣೆ.

ಮಗಳು ಈ ಆಟ ಬೇಕೆಂದು ಕೇಳಿದರೆ ಗದರದಿರಿ. ಜೊತೆಯಲ್ಲಿ ಕುಳಿತು ಮೊದಲು ಸ್ಟೋನ್ ಅವರ ಭಾಗವನ್ನು ಆಡಿರಿ. ನಾನೂ ಆಡಿನೋಡಿದೆ. ಮೂರು ಸಾರಿಯೂ ಔಟಾದೆ, ಮಕ್ಕಳು ನಕ್ಕರು.