ಗೆರೆ ಇದೆ, ಗಾಡಿ ಎಲ್ಲಿದೆ?

ಕಳೆದ ಮಳೆಗಾಲದ ಒಂದು ಭಾನುವಾರ, ಬೆಳಗಾವಿಯ ಹಿಂದವಾಡಿಯಲ್ಲಿರುವ ಗೆಳೆಯರೊಬ್ಬರ ಮನೆಯ ಪಡಸಾಲೆಯಲ್ಲಿ ನಾವು ಆರು ಮಂದಿ ರೈಲು ನಕಾಶೆಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದೆವು. ಒಂದು, ಹಳೆಯ ‘ಟ್ರೇನ್ಸ್ ಅಟ್ ಎ ಗ್ಲಾನ್ಸ್’ ವೇಳಾಪಟ್ಟಿಯೊಳಗೆ ಮಡಿಸಿಟ್ಟಿದ್ದ ಅಖಿಲ ಭಾರತ ನಕಾಶೆ. ಇನ್ನೊಂದು, ಹುಬ್ಬಳ್ಳಿಯನ್ನು ಕೇಂದ್ರವಾಗಿ ಹೊಂದಿದ ನೈಋತ್ಯ ರೈಲ್ವೆ ವಲಯದ್ದು. ಮೂರನೆಯದು ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಗಳನ್ನು ಅಂಟಿಸಿ ನಾವೇ ಮಾಡಿಕೊಂಡದ್ದು. ಕೊನೆಯದು ಸ್ವಯಂಸೇವಕರು 2004ರಿಂದ ಕೂಡಿ ಬರೆಯುತ್ತ ಬಂದಿರುವ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಮುದ್ರಿಸಿಕೊಂಡ ಪ್ರತಿ. ಗುಂಜಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಮೊದಲನೆಯದರ ಮೇಲೆ ಬಹಳ ಹೊತ್ತು ಬೆರಳಾಡಿಸಿ ಕೇಳಿದಳು: “ಸರ್, ನಮ್ಮ ಸ್ಟೇಷನ್ ಇದರಾಗ ಎಲ್ಲೈತ್ರಿ?”

ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 3,200 ಕಿ.ಮೀ. ಚಾಚಿರುವ ದೇಶವನ್ನು 30 ಸೆಂಟಿಮೀಟರ್ ಕಾಗದದಲ್ಲಿ ಕೂರಿಸಿದರೆ ಬೆಳಗಾವಿಯಿಂದ ಲೋಂಡಾದವರೆಗಿನ ಸುಮಾರು 50 ಕಿ.ಮೀ. ದೂರ ಅರ್ಧ ಸೆಂಟಿಮೀಟರಿಗಿಂತ ಕಡಿಮೆಯಾಗುತ್ತದೆ. ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ ಎಲ್ಲವೂ ಅಷ್ಟರೊಳಗೆ ಇರಬೇಕು. ರೈಲು ಮಾರ್ಗವೆಂದು ಎಳೆದ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೊಂದೇ 5 ಕಿ.ಮೀ. ಅಗಲದ ನೆಲವನ್ನು ಮಸಿಯಲ್ಲಿ ಮುಚ್ಚಿಬಿಡುತ್ತದೆ. ಸರ್ವೇಕ್ಷಣ ಇಲಾಖೆಯ ಹಾಳೆಯಲ್ಲಾದರೋ ಅದೇ ದೂರ ಒಂದು ಮೀಟರ್ ಉದ್ದವಾಗುತ್ತದೆ; ಅಷ್ಟೇ ದಪ್ಪದ ಗೆರೆ ಮುಚ್ಚುವುದು 25 ಮೀಟರ್ ಮಾತ್ರ. ಹಳ್ಳ, ಕೆರೆ, ಗದ್ದೆ, ಕಾಡಿನ ಅಂಚು ಅಲ್ಲಿ ಕಾಣಿಸುತ್ತವೆ. ಮಣ್ಣಿನ ಸಮೀಕ್ಷೆ ಮಾಡುವ ನಮ್ಮಂಥವರು ಪ್ರಮಾಣ, ಸಂಕೇತಗಳ ವಿವರ ಮತ್ತು ದಿನಾಂಕವಿಲ್ಲದ ನಕಾಶೆಯನ್ನು ನಕಾಶೆಯೆಂದು ಒಪ್ಪುವುದಿಲ್ಲ. ಆದರೆ ಸಾವಿರಾರು ಮರಗಳ ಅಳಿವು ಉಳಿವು ನಿರ್ಧಾರವಾಗುವ ಸಭೆಗಳಲ್ಲಿ ನಮ್ಮ ಮುಂದೆ ಗೋಡೆಯ ಮೇಲೆ ಮೂಡುವುದು ಹೆಚ್ಚಾಗಿ ಆ ಮೊದಲನೆಯ ಬಗೆಯ ಚಿತ್ರವೇ.

ಪ್ರಮಾಣದ ಮಾತು ಅಷ್ಟಕ್ಕೇ ಇರಲಿ. ನನ್ನ ತಕರಾರು ಅದಕ್ಕಿಂತ ದೊಡ್ಡದು. ಈ ನಕಾಶೆಗಳು ತೋರಿಸುವುದು ಹಳಿಗಳನ್ನು, ಗಾಡಿಗಳನ್ನಲ್ಲ. ದಿನಕ್ಕೆ ಐವತ್ತು ಗಾಡಿ ಓಡುವ ಮಾರ್ಗಕ್ಕೂ ಒಂದೇ ಗಾಡಿ ಓಡುವ ಮಾರ್ಗಕ್ಕೂ ಒಂದೇ ಗೆರೆ. ಪ್ರಯಾಣಿಕ ಹತ್ತುವ ಮಾರ್ಗಕ್ಕೂ ಕಲ್ಲಿದ್ದಲು ಮಾತ್ರ ಹೋಗುವ ಮಾರ್ಗಕ್ಕೂ ಅದೇ ಗೆರೆ. ಅಳ್ನಾವರದಿಂದ ದಾಂಡೇಲಿಗೆ ಹೋಗುವ ಕವಲನ್ನೇ ನೋಡಿ. ಅಲ್ಲಿ ಪ್ರಯಾಣಿಕರ ಗಾಡಿ ನಿಂತು ಎರಡು ದಶಕಗಳಿಗೂ ಹೆಚ್ಚು ಕಾಲ ಜನ ಬಸ್ಸನ್ನೇ ನೆಚ್ಚಿದ್ದರು. 2019ರ ನವೆಂಬರಿನಲ್ಲಿ ಗಾಡಿ ಮತ್ತೆ ಬಂದಿತು. 2020ರ ಮಾರ್ಚಿನಲ್ಲಿ ದೇಶದ ಎಲ್ಲ ಗಾಡಿಗಳೊಡನೆ ನಿಂತಿತು. ಈ ಮೂರೂ ಅವಸ್ಥೆಗಳಲ್ಲಿ ನಕಾಶೆಯ ಗೆರೆ ಒಂದಿಷ್ಟೂ ಅಲುಗಲಿಲ್ಲ. ಕೊರೊನಾದ ನಂತರ ಹಿಂದಿರುಗಿದ ಪ್ಯಾಸೆಂಜರ್ ಗಾಡಿಗಳಲ್ಲಿ ಬಹಳಷ್ಟು ಎಕ್ಸ್‌ಪ್ರೆಸ್ ಎಂಬ ಹೆಸರು ತೊಟ್ಟು ಬಂದವು. 10 ರೂಪಾಯಿಯ ಕನಿಷ್ಠ ದರ 30 ಆಯಿತು. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ. ಸಂತೆಗೆ ತರಕಾರಿ ಬುಟ್ಟಿ ಹೊತ್ತು ಹೋಗುವ ಹೆಂಗಸಿಗೆ ಆ ನಾಲ್ಕು ವರ್ಷ ರೈಲು ದೂರವಾಗಿದ್ದುದನ್ನು ಯಾವ ನಕಾಶೆಯೂ ದಾಖಲಿಸಿಲ್ಲ.

ಬೇರೆ ಬಗೆಯ ನಕಾಶೆ ಸಾಧ್ಯವಿಲ್ಲವೆಂದಲ್ಲ. ಬೆಟ್ಟಗಳ ದೇಶವಾದ ಸ್ವಿಟ್ಜರ್ಲೆಂಡಿನಲ್ಲಿ 1982ರಿಂದ ನಿಗದಿತ ಅಂತರದ ವೇಳಾಪಟ್ಟಿ ಜಾರಿಯಲ್ಲಿದೆ. ಅಲ್ಲಿನ ಯೋಜಕರು ಯಾವ ಊರಿಗೆ ಎಷ್ಟು ಹೊತ್ತಿಗೊಮ್ಮೆ ಗಾಡಿಯೆಂಬುದನ್ನು ಗೆರೆಗಳ ಸಂಖ್ಯೆಯಲ್ಲೇ ಕಾಣಿಸುತ್ತಾರೆ. ಮೊದಲು ಗಾಡಿಯ ನಕಾಶೆ, ಅದಕ್ಕೆ ಬೇಕಾದರೆ ಮಾತ್ರ ಹಳಿಯ ನಕಾಶೆ. ನಮ್ಮಲ್ಲಿ ಹಳಿಗೆ ಗೆರೆ ಮೊದಲು. ಗಾಡಿಯ ಮಾತು ಆಮೇಲೆ.

ನಮ್ಮ ಭಾಗದ ಗೆರೆಗಳು ಹುಟ್ಟಿದ್ದೂ ಪ್ರಯಾಣಿಕನಿಗಾಗಿ ಅಲ್ಲ. ಬೆಳಗಾವಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಹೋಗುವವರು ದಕ್ಷಿಣಕ್ಕಿಳಿದು, ಲೋಂಡಾ ಮುಟ್ಟಿ, ನಾಗರಗಾಳಿ, ತಾವರಗಟ್ಟಿ, ಅಳ್ನಾವರದ ಮೂಲಕ ಸುಮಾರು 121 ಕಿ.ಮೀ. ಸುತ್ತುತ್ತಾರೆ. ಏಕೆ? 1878ರ ಆಂಗ್ಲ-ಪೋರ್ಚುಗೀಸ್ ಒಪ್ಪಂದದ ಬೆನ್ನಿಗೆ ಬಯಲುಸೀಮೆಯ ಸರಕು ಮುರಗಾಂವ್ ಬಂದರನ್ನು ಸೇರಬೇಕಿತ್ತು. ಸದರ್ನ್ ಮರಾಠಾ ರೈಲ್ವೆ ಇತ್ತಣಿಂದ, ಪೋರ್ಚುಗೀಸರ ಮಾರ್ಗ ಅತ್ತಣಿಂದ ಬಂದು ಕ್ಯಾಸಲ್‌ರಾಕಿನಲ್ಲಿ ಕೂಡಿದವು. 1888ರಲ್ಲಿ ಘಟ್ಟದ ಮಾರ್ಗ ತೆರೆಯಿತು. ಲೋಂಡಾ ಆ ಬಂದರಿನ ದಾರಿಯ ಕೂಡುಠಾಣೆಯಾಯಿತು. ನಾವು ಇಂದಿಗೂ ಆ ಸರಕಿನ ಗೆರೆಯ ಮೇಲೇ ಕುಳಿತು ಧಾರವಾಡಕ್ಕೆ ಹೋಗುತ್ತಿದ್ದೇವೆ.

ಈಗ ಅದೇ ಗೆರೆಗೆ ಜೋಡಿ ಬೇಕೆಂದರು. ಹೊಸಪೇಟೆಯಿಂದ ತಿನೈಘಾಟ್ ಮೂಲಕ ವಾಸ್ಕೋವರೆಗಿನ ಜೋಡಿ ಹಳಿ ಯೋಜನೆಯಲ್ಲಿ ಕ್ಯಾಸಲ್‌ರಾಕ್‌ನಿಂದ ಕುಳೇಂವರೆಗಿನ ಘಟ್ಟವೂ ಸೇರಿತ್ತು. ಇತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅತ್ತ ಗೋವೆಯ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನ. 37 ಅಡಿಗೆ ಒಂದಡಿ ಏರುವ ಇಳಿಜಾರು. ಹಿಂದಿನಿಂದ ನೂಕುವ ಎಂಜಿನ್‌ಗಳಿಲ್ಲದೆ ಭಾರದ ಗಾಡಿ ಮೇಲೇರದು. ಮುರಗಾಂವಿನ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಏರಬೇಕಾದ ದಾರಿ ಇದೇ ಎಂಬುದನ್ನು ಯೋಜನೆಯ ಚಿತ್ರಪಟಗಳು ಹೇಳಲಿಲ್ಲ. ‘ಪ್ರಯಾಣಿಕರ ಅನುಕೂಲ’ ಎಂಬ ಪದ ಮಾತ್ರ ಎಲ್ಲೆಡೆ ಇತ್ತು. ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರ ಏಪ್ರಿಲಿನಲ್ಲಿ ಈ ಜೋಡಿ ಹಳಿಗೆ ಸಮರ್ಥನೆಯಿಲ್ಲವೆಂದಿತು. 2022ರ ಮೇ 9ರಂದು ನ್ಯಾಯಾಲಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ನೀಡಿದ್ದ ಒಪ್ಪಿಗೆಯನ್ನು ರದ್ದುಗೊಳಿಸಿತು. ಆದರೆ ವಿವರವಾದ ಅಧ್ಯಯನ ನಡೆಸಿ ಹೊಸ ಪ್ರಸ್ತಾವ ತರಲು ಬಾಗಿಲು ತೆರೆದೇ ಇದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗವೂ ಹಾಗೆಯೇ, 1990ರ ದಶಕದ ಕೊನೆಯಿಂದ ನಕಾಶೆಗಳಲ್ಲಿ ಚುಕ್ಕಿ ಗೆರೆಯಾಗಿ ಕಾದು ಕುಳಿತಿದೆ. ಸುಮಾರು 596 ಹೆಕ್ಟೇರ್ ಅರಣ್ಯ ಬೇಡುವ ಅದಕ್ಕೆ 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಜೂನಿನಲ್ಲಿ ಹೈಕೋರ್ಟ್ ತಡೆಯಿತು. ಚುಕ್ಕಿ ಗೆರೆಗೆ ಆಯುಷ್ಯ ಹೆಚ್ಚು. ಅದು ಹಾಯುವ ಜಾಗವನ್ನು ರೈಲು ನಕಾಶೆ ಬಿಳಿಯಾಗಿ ಬಿಟ್ಟಿರುವುದರಿಂದ ಬಯಲುಸೀಮೆಯ ಓದುಗನಿಗೆ ಅಲ್ಲಿ ಏನೂ ಇಲ್ಲವೆಂದೇ ತೋರುತ್ತದೆ.

ರೈಲನ್ನೇ ವಿರೋಧಿಸುವವರು ನಾವು ಎಂಬ ಆರೋಪವಿದೆ. ಬೆಳಗಾವಿಯಿಂದ ಕಿತ್ತೂರು ಮೂಲಕ ಧಾರವಾಡಕ್ಕೆ 73 ಕಿ.ಮೀ.ಗಳ ಹೊಸ ಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ದೊರೆತಾಗ ನಾನು ಸಂತೋಷಪಟ್ಟವನು. ಕಾಡು ಸುತ್ತದೆ ಜನ ನೇರ ಹೋಗಲಿ ಎಂಬುದು ನ್ಯಾಯವಾದ ಬಯಕೆ. ಆದರೆ ನಂದಿಹಳ್ಳಿ, ಗರ್ಲಗುಂಜಿ ಕಡೆಯ ರೈತರು ಫಲವತ್ತಾದ ಹೊಲಗಳನ್ನು ಬಿಟ್ಟು ಬೇರೆಡೆ ಮಾರ್ಗ ಹಾಯಲಿ ಎಂದಾಗ ಅವರನ್ನು ಅಭಿವೃದ್ಧಿ ವಿರೋಧಿಗಳೆನ್ನುವುದೇಕೆ? ಭತ್ತದ ಗದ್ದೆಯ ನಡುವೆ ಎತ್ತರದ ಮಣ್ಣಿನ ಏರಿ ಎದ್ದರೆ ಮೇಲುಮಗ್ಗುಲಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಕೆಳಮಗ್ಗುಲು ಒಣಗುತ್ತದೆ. ಮೋರಿಗಳನ್ನು ಎಲ್ಲೆಲ್ಲಿ ಇಡಬೇಕೆಂಬುದು ಗದ್ದೆಯ ಇಳಿಜಾರು ಬಲ್ಲವನಿಗೆ ಮಾತ್ರ ಹೇಳಲು ಬರುವ ಮಾತು. ನಾನು ಕಂಡ ಚರ್ಚೆಯೊಂದರಲ್ಲಿ ಅಧಿಕಾರಿಯೊಬ್ಬರು ಪರದೆಯ ಮೇಲೆ ತೋರಿಸಿದ್ದು ಜಿಲ್ಲೆಯ ನಕಾಶೆ. ಅದರಲ್ಲಿ ಆ ಗದ್ದೆಗಳಿರಲಿ, ಊರುಗಳೇ ಇರಲಿಲ್ಲ.

ಕಾನೂನಿನಲ್ಲಾದರೂ ಕೇಳುವ ದಾರಿ ಇದೆಯೇ? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವಿಲ್ಲ. ಆದ್ದರಿಂದ ಕಾರ್ಖಾನೆಗೂ ಅಣೆಕಟ್ಟಿಗೂ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆ ಇದಕ್ಕೆ ಕಡ್ಡಾಯವಲ್ಲ. ಅರಣ್ಯ ಹಕ್ಕು ಕಾಯಿದೆಯಡಿ ಬೇಕಿದ್ದ ಗ್ರಾಮಸಭೆಯ ಸಮ್ಮತಿಯಿಂದಲೂ ರಸ್ತೆ, ರೈಲಿನಂಥ ಉದ್ದ ಯೋಜನೆಗಳಿಗೆ ಪರಿಸರ ಮಂತ್ರಾಲಯದ 2013ರ ಫೆಬ್ರುವರಿಯ ಸುತ್ತೋಲೆ ಬಹುಮಟ್ಟಿಗೆ ವಿನಾಯಿತಿ ನೀಡಿತು. ಹೀಗಿರುವಾಗ ಹಳ್ಳಿಗನಿಗೆ ಯೋಜನೆ ಎದುರಾಗುವ ಒಂದೇ ಸ್ಥಳ ನಕಾಶೆ. ಅದೂ ಸುಳ್ಳಾಡಿದರೆ?

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಅರಣ್ಯ ಭೂಮಿ ಬೇಡುವ ಪ್ರತಿ ಪ್ರಸ್ತಾವದೊಡನೆ ಮಾರ್ಗದ ಗೆರೆಯ ಗಣಕ ಕಡತವೂ ಮಂತ್ರಾಲಯದ ‘ಪರಿವೇಶ್’ ತಾಣದಲ್ಲಿ ದೊರೆಯುತ್ತದೆ. ಅದನ್ನು ಇಳಿಸಿಕೊಂಡು ಸರ್ವೇಕ್ಷಣ ಇಲಾಖೆಯ ಹಾಳೆಯ ಮೇಲೆ ಇಡಿ. ವೇಳಾಪಟ್ಟಿ ಹಿಡಿದು ನಿಮ್ಮ ಠಾಣೆಯಲ್ಲಿ ದಿನಕ್ಕೆ ನಿಲ್ಲುವ ಗಾಡಿಗಳನ್ನು ಎಣಿಸಿ, ಗಾಡಿಗೊಂದು ಗೆರೆಯಂತೆ ಬೇರೆ ಕಾಗದದಲ್ಲಿ ಬರೆಯಿರಿ. ನಿಲ್ಲದೆ ಹಾದುಹೋಗುವ ಗೂಡ್ಸ್ ಗಾಡಿಗಳನ್ನು ಪ್ಲಾಟ್‌ಫಾರ್ಮಿನಲ್ಲಿ ಕುಳಿತು ಒಂದು ಹಗಲು ಒಂದು ರಾತ್ರಿ ಎಣಿಸಿ, ಬೇರೆ ಬಣ್ಣದಲ್ಲಿ ಎಳೆಯಿರಿ. ಆಮೇಲೆ ಯಾರಾದರೂ ಪ್ರಯಾಣಿಕರ ಹೆಸರಿನಲ್ಲಿ ಕಾಡು ಕೇಳಲು ಬಂದರೆ, ಪ್ರಯಾಣಿಕರ ನಕಾಶೆಯನ್ನು ಮೊದಲು ಮೇಜಿನ ಮೇಲೆ ಇಡಿ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮದನ್ನು ಇಡಿ.

ಗುಂಜಿಯ ಆ ವಿದ್ಯಾರ್ಥಿನಿ ಅಂದು ಸಂಜೆಯ ಹೊತ್ತಿಗೆ ತನ್ನ ಠಾಣೆಯ ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆದು ಮುಗಿಸಿದ್ದಳು. ಎಣಿಸಲು ಎರಡು ಕೈಬೆರಳುಗಳೂ ಬೇಕಾಗಲಿಲ್ಲ. ಉಳಿದ ಠಾಣೆಗಳ ಹಾಳೆಗಳು ಹಿಂದವಾಡಿಯ ಅದೇ ಮನೆಯಲ್ಲಿ ಖಾಲಿ ಬಿದ್ದಿವೆ.