ನಾವು ಸಿಡುಕುವುದು ದೇವರ ಮೇಲಲ್ಲ

ದೇವರ ಸುದ್ದಿ ಎತ್ತಿದರೆ ಸಾಕು, ನಂಬದವರ ಮುಖ ಬಿಗಿಯುತ್ತದೆ, ದನಿ ಏರುತ್ತದೆ ಎಂಬ ದೂರು ಹಳೆಯದು. ದೂರಿನಲ್ಲಿ ನಿಜವಿದೆ. ಬಾಗಿಲಿಗೆ ಬಂದು ಕರಪತ್ರ ಕೊಡುವವರು, ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಗುರುಗಳ ಮಹಿಮೆ ಹೇಳುವವರು, ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಹೆಸರು ಹಿಡಿದೇ ಪ್ರವಚನದ ವಿಡಿಯೊ ಹಾಕುವವರು, ಇವರೆದುರು ನಾವು ಬಿಗಿಯಾಗುತ್ತೇವೆ. ಅದನ್ನು ಅಲ್ಲಗಳೆಯಲು ಇದನ್ನು ಬರೆಯುತ್ತಿಲ್ಲ. ಆ ಬಿಗಿತಕ್ಕೆ ಆಸ್ತಿಕ ಮಿತ್ರರು ಕೊಡುವ ಕಾರಣಗಳಿವೆಯಲ್ಲ, ನನ್ನ ತಕರಾರು ಅವುಗಳ ಮೇಲೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದು: "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಮ್ಮ ಅಪನಂಬಿಕೆ ಗಟ್ಟಿಯಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಿರಿ. ಒಳಗೆಲ್ಲೋ ನಂಬಿಕೆ ಉಳಿದಿದೆ, ಅದಕ್ಕೇ ಚುಚ್ಚುತ್ತದೆ."

ಈ ವಾದವನ್ನು ಸೋಲೇ ಇಲ್ಲದಂತೆ ಕಟ್ಟಿಕೊಂಡಿದ್ದಾರೆ. ಸಿಟ್ಟು ಮಾಡಿದರೆ ಒಳಗೆ ಅಳುಕು, ಸುಮ್ಮನಿದ್ದರೆ ಉತ್ತರವಿಲ್ಲ, ನಕ್ಕರೆ ಉಡಾಫೆ. ಎದುರಿನವನು ಏನು ಮಾಡಿದರೂ ನಮ್ಮ ಮಾತಿಗೇ ಸಾಕ್ಷಿ ಎನ್ನುವ ವಾದ ಅವನ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಇದೇ ಅಳತೆಗೋಲನ್ನು ನಂಬುವವರಿಗೂ ಹಿಡಿದು ನೋಡಿ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ಧರ್ಮದ ಪ್ರಚಾರಕರು ಬಾಗಿಲು ತಟ್ಟಿ, ನೀವು ಪೂಜಿಸುತ್ತಿರುವುದು ದೇವರೇ ಅಲ್ಲ ಎಂದರೆ ಮನೆಯ ಯಜಮಾನರು ನಕ್ಕು ಸುಮ್ಮನಾಗುತ್ತಾರೆಯೇ? ಅವರ ಕೋಪವನ್ನು ಕಂಡು, ಒಳಗೊಳಗೇ ಆ ಧರ್ಮವನ್ನು ಒಪ್ಪಿಕೊಂಡಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ಅವರದಾದರೆ ಅದು ಸ್ವಾಭಿಮಾನ. ನಮ್ಮದು ಮಾತ್ರ ಕಳ್ಳನ ಹೆಗಲು ಹೇಗಾಯಿತು?

ಒತ್ತಡಕ್ಕೆ ಸಿಡಿದೇಳುವ ಈ ಸ್ವಭಾವ ಮನಃಶಾಸ್ತ್ರಜ್ಞರಿಗೆ ಪರಿಚಿತವೇ. ಅಮೆರಿಕದ ಜಾಕ್ ಬ್ರೆಮ್ 1966ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಆಯ್ಕೆ ನನ್ನದು ಎಂದು ಮನುಷ್ಯ ತಿಳಿದಿರುವ ಜಾಗಕ್ಕೆ ಇನ್ನೊಬ್ಬರು ಒತ್ತಡ ಹಾಕಿದರೆ, ಆ ಆಯ್ಕೆಯನ್ನು ಉಳಿಸಿಕೊಳ್ಳಲು ಮನಸ್ಸು ತಾನಾಗಿ ಎದ್ದು ನಿಲ್ಲುತ್ತದೆ. ಹತ್ತು ವರ್ಷಗಳ ನಂತರ ಪೆನ್ನಬೇಕರ್ ಮತ್ತು ಸ್ಯಾಂಡರ್ಸ್ ಎಂಬ ಸಂಶೋಧಕರು ಕಾಲೇಜಿನ ಶೌಚಾಲಯಗಳಲ್ಲಿ ಗೋಡೆ ಬರಹ ತಡೆಯುವ ಎರಡು ಬಗೆಯ ಫಲಕಗಳನ್ನು ಹಾಕಿ ನೋಡಿದರು. ಒಂದರಲ್ಲಿ ಖಡಕ್ ಆಜ್ಞೆ, ಇನ್ನೊಂದರಲ್ಲಿ 'ದಯವಿಟ್ಟು' ಎಂಬ ವಿನಂತಿ. ಆಜ್ಞೆ ಹೊತ್ತ ಫಲಕಗಳ ಮೇಲೇ ಜನ ಹೆಚ್ಚು ಗೀಚಿದ್ದರು. ಅಲ್ಲಿ ದೇವರೂ ಇರಲಿಲ್ಲ, ಪಾಪಪ್ರಜ್ಞೆಯೂ ಇರಲಿಲ್ಲ. ಇದ್ದದ್ದು ಒತ್ತಡ ಒಂದೇ.

ನಂಬದವರ ಮೇಲೆ ಇನ್ನೂ ಒಂದು ಭಾರವಿದೆ. 2011ರ ಜನಗಣತಿಯಲ್ಲಿ 121 ಕೋಟಿ ಜನರ ಪೈಕಿ ಧರ್ಮದ ಕಾಲಂ ತುಂಬದವರು ಸುಮಾರು 28.7 ಲಕ್ಷ, ಅಂದರೆ ಶೇಕಡಾ 0.24. ಅವರೂ ಎಲ್ಲರೂ ನಾಸ್ತಿಕರಲ್ಲ. ಇಷ್ಟು ಸಣ್ಣ ಗುಂಪಿನವರು ಹುಟ್ಟಿದ ಮನೆಯಲ್ಲಿ, ಸೇರಿದ ಮನೆಯಲ್ಲಿ, ಆಫೀಸಿನ ಆಯುಧಪೂಜೆಯಲ್ಲಿ ಎಲ್ಲೆಲ್ಲೂ ಕಾರಣ ಹೇಳುತ್ತಲೇ ಇರಬೇಕು. ನಂಬುವವರನ್ನು ಯಾಕೆ ನಂಬುತ್ತೀರಿ ಎಂದು ದಿನಾ ಯಾರೂ ಕೇಳುವುದಿಲ್ಲ. 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನ ಎಚ್. ಫಾರೂಕ್ ಎಂಬ ಯುವಕನನ್ನು ನಾಸ್ತಿಕನೆಂಬ ಕಾರಣಕ್ಕೇ ಕೊಂದರು. ಪಕ್ಕದಲ್ಲಿ ಕೂತು ಉಪದೇಶ ಮಾಡುವ ಬಂಧುವಿಗೂ ಆ ಕೊಲೆಗೂ ಸಂಬಂಧ ಕಲ್ಪಿಸುವುದು ಅನ್ಯಾಯವಾಗುತ್ತದೆ, ನಾನು ಕಲ್ಪಿಸುತ್ತಿಲ್ಲ. ಆದರೆ ನಂಬುವುದಿಲ್ಲ ಎಂದು ಬಾಯಿಬಿಟ್ಟು ಹೇಳುವವನು ಯಾವ ನೆಲದ ಮೇಲೆ ನಿಂತು ಹೇಳುತ್ತಿದ್ದಾನೆ ಎಂಬುದು ಕೇಳುವವರಿಗೆ ಗೊತ್ತಿರಬೇಕು.

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೋ" ಎನ್ನುವುದು ಎರಡನೆಯ ಸಮರ್ಥನೆ. ಇದು ಅತ್ತೆ, ಚಿಕ್ಕಪ್ಪ, ಬಾಲ್ಯದ ಗೆಳೆಯರ ಬಾಯಿಂದ ಬರುವುದರಿಂದ ಉತ್ತರಿಸುವುದು ಕಷ್ಟ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪ್ರೀತಿ ಇದೆ ಅಂದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿಯಾಗುವುದಿಲ್ಲ. ನನ್ನ ಅಣ್ಣ ಡಯಾಲಿಸಿಸ್‌ಗೆ ಹೋಗುತ್ತಿದ್ದ ದಿನಗಳಲ್ಲಿ ಒಬ್ಬರು ತಾಯತ ತಂದರು, ಒಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಮತ್ತೊಬ್ಬರು ಹರಕೆ ಹೊತ್ತುಕೊಳ್ಳದೆ ಉಳಿದದ್ದರಿಂದಲೇ ಹೀಗಾಯಿತು ಎಂದು ಕಾರಣವನ್ನೂ ಹೇಳಿದರು. ಯಂತ್ರಕ್ಕೆ ತೋಳು ಕೊಟ್ಟು ನಾಲ್ಕು ಗಂಟೆ ಮಲಗಿರುವವನು ಎದ್ದು ಹೋಗಲಾರ. ಅವನಿಗೆ ಏನು ಬೇಕು ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಅವನಿಗೆ ಆಗ ಬೇಕಾಗಿದ್ದದ್ದು ಕ್ರಿಕೆಟ್ ಸ್ಕೋರು, ಮನೆಯ ಸುದ್ದಿ, ಸ್ವಲ್ಪ ಹರಟೆ. ಉಪದೇಶಕರ ಕಣ್ಣಿಗೆ ಅವನು ಅಣ್ಣನಾಗಿಯೂ ಕಾಣಲಿಲ್ಲ, ಗೆಳೆಯನಾಗಿಯೂ ಕಾಣಲಿಲ್ಲ. ಅವರ ಪಾಲಿಗೆ ಅವನು ಇನ್ನೂ ಮುಗಿಯದ ಒಂದು ಕೆಲಸವಾಗಿದ್ದ. ನಂಬದವರನ್ನು ಕೆರಳಿಸುವುದು ಬಹುಮಟ್ಟಿಗೆ ಇದೇ. ವರ್ಷಗಟ್ಟಲೆ ಓದಿ, ಯೋಚಿಸಿ, ಕೆಲವೊಮ್ಮೆ ಅತ್ತು ಬಂದ ತೀರ್ಮಾನವನ್ನು ತೀರ್ಮಾನವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಖಾಲಿ ಜಾಗ ಎಂದುಕೊಂಡು ತುಂಬಲು ಬರುತ್ತಾರೆ.

ನಂಬುವವರು ಹೀಗೆಯೇ ಇರಬೇಕೆಂದೇನೂ ಇಲ್ಲ. ಕ್ರಿಸ್ಟಫರ್ ಹಿಚಿನ್ಸ್ ಎಂಬ ಲೇಖಕ ಧರ್ಮಗಳ ಕಟು ಟೀಕಾಕಾರರಾಗಿದ್ದರು. 2010ರಲ್ಲಿ ಅವರಿಗೆ ಅನ್ನನಾಳದ ಕ್ಯಾನ್ಸರ್ ಬಂದಾಗ, ಅದು ದೈವನಿಂದೆ ಮಾಡಿದ ಗಂಟಲಿಗೆ ದೇವರು ಕೊಟ್ಟ ಶಿಕ್ಷೆ ಎಂದು ಬರೆದವರಿದ್ದರು. ಆ ವರ್ಷ ಸೆಪ್ಟೆಂಬರ್ 20ನ್ನು ಅವರಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದವರೂ ಇದ್ದರು. ಅದೇ ಹೊತ್ತಿಗೆ ಫ್ರಾನ್ಸಿಸ್ ಕಾಲಿನ್ಸ್ ಎಂಬ ವಿಜ್ಞಾನಿ ಅವರ ಚಿಕಿತ್ಸೆಗೆ ದಾರಿ ಹುಡುಕುತ್ತಿದ್ದರು. ಮನುಷ್ಯನ ಜೀನೋಮ್ ಓದುವ ಯೋಜನೆಯನ್ನು ಮುನ್ನಡೆಸಿದ ಇವರು ಶ್ರದ್ಧಾವಂತ ಕ್ರೈಸ್ತರು, ಹಿಚಿನ್ಸ್ ಜೊತೆ ವೇದಿಕೆಗಳಲ್ಲಿ ವಾದ ಮಾಡಿದವರು. ಇಬ್ಬರೂ ಕೊನೆಯವರೆಗೆ ಸ್ನೇಹಿತರಾಗಿದ್ದರು. ಕಾಲಿನ್ಸ್ ಅವರ ಎದುರು ಹಿಚಿನ್ಸ್ ಬಿಗಿಯಾಗಬೇಕಾಗಲಿಲ್ಲ.

ಇನ್ನು "ಸಂಕಟ ಬಂದಾಗ ವೆಂಕಟರಮಣ." ಕಷ್ಟ ಬರಲಿ, ವಯಸ್ಸಾಗಲಿ, ಆಗ ನೋಡೋಣ ಎನ್ನುವ ಈ ಮಾತು ನನ್ನನ್ನು ಉಳಿದೆಲ್ಲ ಮಾತುಗಳಿಗಿಂತ ಹೆಚ್ಚು ನೋಯಿಸುತ್ತದೆ. ಇದರೊಳಗೆ ನಮ್ಮ ಸಂಕಟಕ್ಕಾಗಿ ಕಾಯುವ ಮನಸ್ಸಿದೆ.

ಭಗತ್ ಸಿಂಗ್ ಅವರ 'ನಾನೇಕೆ ನಾಸ್ತಿಕ' ಬರಹವನ್ನು ಜನ ಕ್ರಾಂತಿಕಾರಿಯ ಸಿದ್ಧಾಂತವೆಂದು ಓದುತ್ತಾರೆ. ಅದು ಹುಟ್ಟಿದ್ದು ಇಂಥದ್ದೇ ಒತ್ತಡಕ್ಕೆ ಪ್ರತ್ಯುತ್ತರವಾಗಿ. 1930ರ ಅಕ್ಟೋಬರ್ ಮೊದಲ ವಾರ, ಲಾಹೋರ್ ಜೈಲು, ಗಲ್ಲು ಶಿಕ್ಷೆಯ ತೀರ್ಪಿಗೆ ಇನ್ನು ಒಂದೆರಡೇ ದಿನ. ಇಪ್ಪತ್ಮೂರರ ಯುವಕ ಅದನ್ನು ಶುರು ಮಾಡುವುದೇ ತನ್ನ ಮೇಲಿನ ಆರೋಪದಿಂದ: ಇವನ ನಾಸ್ತಿಕತೆಗೆ ಅಹಂಕಾರವೇ ಕಾರಣವಂತೆ, ಹೌದೇ? 1927ರಲ್ಲಿ ಮೊದಲ ಸಲ ಬಂಧನವಾದಾಗ ಪೊಲೀಸರು ನೇಣಿನ ಬೆದರಿಕೆ ಹಾಕುತ್ತಲೇ ಎರಡು ಹೊತ್ತೂ ಪ್ರಾರ್ಥನೆ ಮಾಡು ಎಂದು ಪುಸಲಾಯಿಸಿದ್ದನ್ನು ಅವರು ಅಲ್ಲಿ ನೆನೆಯುತ್ತಾರೆ. ನೆಮ್ಮದಿಯ ದಿನಗಳಲ್ಲಿ ಮಾತ್ರ ನಾಸ್ತಿಕನೋ, ಕಷ್ಟದಲ್ಲೂ ಹೌದೋ ಎಂದು ತನ್ನನ್ನೇ ಕೇಳಿಕೊಂಡು, ಯೋಚಿಸಿ, ಪ್ರಾರ್ಥಿಸದೆ ಉಳಿದರು. ಕೊನೆಗಾಲದಲ್ಲಿ ನೀನು ನಂಬುತ್ತೀಯ ಎಂದ ಗೆಳೆಯನಿಗೆ ಅವರ ಉತ್ತರ, ಸ್ವಾರ್ಥಕ್ಕಾಗಿ ಪ್ರಾರ್ಥಿಸುವುದು ತನ್ನನ್ನು ತಾನೇ ಕುಗ್ಗಿಸಿಕೊಂಡಂತೆ ಎಂಬುದು. ದೇವರಿದ್ದಾನೆ ಎಂದುಕೊಂಡರೆ ಕಷ್ಟ ಹಗುರವಾಗುತ್ತದೆ ಎಂಬುದನ್ನೂ ಅವರು ಅಲ್ಲಿ ಒಪ್ಪಿಕೊಂಡಿದ್ದಾರೆ. ಆ ಹಗುರವನ್ನು ಬಿಟ್ಟುಕೊಟ್ಟೇ 1931ರ ಮಾರ್ಚ್ 23ರಂದು ನೇಣುಗಂಬಕ್ಕೆ ನಡೆದರು. ಇದನ್ನು ಅಹಂಕಾರ ಎನ್ನುವವರು ಒಮ್ಮೆ ಆ ಬರಹವನ್ನು ಪೂರ್ತಿ ಓದಬೇಕೆಂದು ಕೈಮುಗಿದು ಕೇಳುತ್ತೇನೆ.

ವಯಸ್ಸಾದ ಮೇಲೆ ಎಲ್ಲರೂ ದಾರಿಗೆ ಬರುತ್ತಾರೆ ಎನ್ನುವವರಿಗೆ ಉತ್ತರ ನಮ್ಮಲ್ಲೇ ಇದೆ. ಸಾಹಿತಿ ಎ.ಎನ್. ಮೂರ್ತಿರಾಯರ 'ದೇವರು' ಪುಸ್ತಕ ಪ್ರಕಟವಾದದ್ದು 1991ರಲ್ಲಿ, ಅವರು ತೊಂಬತ್ತು ತುಂಬಿದವರಾಗಿದ್ದಾಗ. ದೇವರ ಅಸ್ತಿತ್ವವನ್ನು ಅಷ್ಟು ಶಾಂತವಾಗಿ, ಅಷ್ಟು ಸಭ್ಯವಾಗಿ ಪ್ರಶ್ನಿಸಿದ ಕನ್ನಡ ಪುಸ್ತಕ ಇನ್ನೊಂದನ್ನು ನಾನು ಓದಿಲ್ಲ. ಅದಾದ ಮೇಲೂ ಹನ್ನೆರಡು ವರ್ಷ ಬದುಕಿ, ನೂರು ದಾಟಿ, 2003ರಲ್ಲಿ ತೀರಿಕೊಂಡರು.

ಇನ್ನೂ ಹಿಂದಕ್ಕೆ ಹೋಗಿ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1776ರಲ್ಲಿ ಸಾವಿನ ಹಾಸಿಗೆಯಲ್ಲಿದ್ದಾಗ, ಜುಲೈ 7ರಂದು ಲೇಖಕ ಜೇಮ್ಸ್ ಬಾಸ್ವೆಲ್ ಅವರನ್ನು ನೋಡಲು ಹೋದ. ಈಗಲಾದರೂ ಪರಲೋಕವನ್ನು ನಂಬುತ್ತಾರೆಯೇ ಎಂದು ತಿಳಿಯುವುದೇ ಅವನ ಆಸೆ. ಹ್ಯೂಮ್ ಹಸನ್ಮುಖರಾಗಿದ್ದರು, ನಂಬಲಿಲ್ಲ. ಆ ಭೇಟಿಯಿಂದ ಕದಡಿಹೋದವನು ಬಾಸ್ವೆಲ್. ಹ್ಯೂಮ್ ಅವರ ಕೊನೆಯ ದಿನಗಳ ಶಾಂತಿಯನ್ನು ಬಣ್ಣಿಸಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಒಂದು ಪತ್ರ ಪ್ರಕಟಿಸಿದಾಗ ಸ್ಮಿತ್ ಮೇಲೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಬ್ರಿಟನ್ನಿನ ಇಡೀ ವ್ಯಾಪಾರ ನೀತಿಯನ್ನು ಟೀಕಿಸಿ ತಾವು ಬರೆದ ಮಹಾಗ್ರಂಥಕ್ಕಿಂತ ಹತ್ತು ಪಟ್ಟು ನಿಂದನೆ ಆ ಪುಟ್ಟ ಪತ್ರಕ್ಕೆ ಸಿಕ್ಕಿತು ಎಂದು ಸ್ಮಿತ್ ನಂತರ ಹೇಳಿಕೊಂಡರು. ನಂಬದವನು ನೆಮ್ಮದಿಯಾಗಿ ಸಾಯುವುದನ್ನು ಸಹಿಸಲಾಗದ ಸಮಾಜದಲ್ಲಿ ನಂಬದವನು ಎಚ್ಚರವಾಗಿರದೆ ಏನು ಮಾಡಿಯಾನು? ಡಾರ್ವಿನ್ ತೀರಿಕೊಂಡು ಮೂವತ್ತಮೂರು ವರ್ಷಗಳಾದ ಮೇಲೆ, 1915ರಲ್ಲಿ, ಕೊನೆಗಾಲದಲ್ಲಿ ಅವರು ಬೈಬಲ್ಲಿಗೆ ಮರಳಿದ್ದರು ಎಂಬ ಕಥೆಯನ್ನು ಲೇಡಿ ಹೋಪ್ ಎಂಬಾಕೆ ಹಬ್ಬಿಸಿದಳು. 1922ರಲ್ಲಿ ಡಾರ್ವಿನ್ನರ ಮಗಳೇ, ತಂದೆಯ ಕೊನೆಯ ಹೊತ್ತಿನಲ್ಲಿ ಹತ್ತಿರವಿದ್ದವಳು ನಾನು, ಈ ಕಥೆಗೆ ಆಧಾರವಿಲ್ಲ ಎಂದು ಬರೆಯಬೇಕಾಯಿತು. ಆದರೂ ಕಥೆ ಇವತ್ತಿಗೂ ಸತ್ತಿಲ್ಲ. ಹಿಚಿನ್ಸ್ ತಾವು ಬದುಕಿರುವಾಗಲೇ, ನಾನು ಮತಾಂತರಗೊಂಡೆ ಎಂಬ ಸುದ್ದಿ ಬಂದರೆ ನಂಬಬೇಡಿ ಎಂದು ಹೇಳಿಟ್ಟದ್ದು ಇದೇ ಅನುಭವದಿಂದ.

"ಒಂದ್ಸಲ ಕೈಮುಗಿದರೆ ನಿನ್ನ ಗಂಟೇನು ಹೋಗುತ್ತೆ?" ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿ ಇದನ್ನೇ ಜೂಜಿನ ಲೆಕ್ಕದಲ್ಲಿ ಹೇಳಿದ: ದೇವರಿದ್ದರೆ ಲಾಭ ಅಪಾರ, ಇಲ್ಲದಿದ್ದರೆ ನಷ್ಟ ಅತ್ಯಲ್ಪ. ಯಾವ ದೇವರಿಗೆ ಕೈಮುಗಿಯಬೇಕು ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಉತ್ತರವಿಲ್ಲ. ಗಂಟು ಹೋಗುವುದಂತೂ ನಿಜ. ನಂಬದೆಯೇ ನಂಬಿದವನಂತೆ ನಟಿಸಿದರೆ ನನ್ನ ಮಾತಿಗೆ ನಾನೇ ಬೆಲೆ ಕೊಟ್ಟಂತಾಗುವುದಿಲ್ಲ. ನಿಜವಾದ ಭಕ್ತರಿಗೂ ಇಂಥ ಪೊಳ್ಳು ಕೈಮುಗಿತ ಅವಮಾನವೇ ಅಲ್ಲವೇ?

ಕೆಲವರು ಸಂವಿಧಾನವನ್ನು ಮುಂದಿಡುತ್ತಾರೆ: ಧರ್ಮಪ್ರಚಾರ ನಮ್ಮ ಮೂಲಭೂತ ಹಕ್ಕು. ಖಂಡಿತ ಹೌದು, ಅದನ್ನು ಕಸಿಯಬೇಕೆಂದು ನಾನು ಕೇಳುತ್ತಿಲ್ಲ. ಪ್ರಚಾರದ ಹಕ್ಕನ್ನು ಕೊಡುವ 25ನೆಯ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಪೂಜೆ, ಪ್ರಾರ್ಥನೆಗೆ ಸೇರಿಸುವಂತಿಲ್ಲ ಎನ್ನುತ್ತದೆ 28ನೆಯ ವಿಧಿ. ಮಂತ್ರಿಗಳ ಪ್ರಮಾಣವಚನದಲ್ಲೂ ದೇವರ ಹೆಸರಿಗೆ ಬದಲಾಗಿ ಸತ್ಯನಿಷ್ಠೆಯಿಂದ ಪ್ರಮಾಣ ಮಾಡುವ ಅವಕಾಶವಿದೆ. ಮನೆಮನೆಗೆ ಹೋಗಿ ಸಾರುವುದಕ್ಕೆ ಹೆಸರಾದ ಯೆಹೋವನ ಸಾಕ್ಷಿಗಳ ಪಂಥವನ್ನೇ ತೆಗೆದುಕೊಳ್ಳಿ. ಬಾಗಿಲು ತಟ್ಟುವ ಅವರ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 1943ರಲ್ಲೇ ಎತ್ತಿಹಿಡಿಯಿತು. ಬಂದವರನ್ನು ಬರಮಾಡಿಕೊಳ್ಳುವುದೋ ಕಳಿಸುವುದೋ ಎಂಬ ತೀರ್ಮಾನವನ್ನು ಮನೆಯವರಿಗೇ ಬಿಟ್ಟಿತು. ಕೇರಳದಲ್ಲಿ ಅದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಬಿದ್ದಾಗ, 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅವರ ಮೌನವನ್ನು ಕಾಪಾಡಿತು. ಗರ್ಭಗುಡಿಯ ಮುಂದೆ ಮನೆಯವರ ಜೊತೆ ಸುಮ್ಮನೆ ನಿಲ್ಲುವ ನಂಬದವನೂ ಕೇಳುವುದು ಆ ಮಕ್ಕಳು ಕೇಳಿದ್ದನ್ನೇ.

"ನೀವೂ ಪ್ರಚಾರ ಮಾಡುತ್ತೀರಲ್ಲ, ವಿಚಾರವಾದಿಗಳು ಸುಮ್ಮನಿದ್ದಾರೆಯೇ?" ಎಂಬ ಪ್ರಶ್ನೆ ನ್ಯಾಯವಾದದ್ದು. ಸುಮ್ಮನಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದರು, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಅದು ಬಹಿರಂಗವಾಗಿ ನಡೆಯುತ್ತಿದ್ದ, ಪರೀಕ್ಷೆಗೆ ಸಿಗುವ ಸಂಗತಿಗಳ ಬಗ್ಗೆ ಬಹಿರಂಗವಾಗಿ ಕೇಳಿದ ಪ್ರಶ್ನೆ. ಯಾರ ದೇವರ ಕೋಣೆಗೂ ಅವರು ನುಗ್ಗಲಿಲ್ಲ. ಮೂರ್ತಿರಾಯರ ಪುಸ್ತಕ ಅಂಗಡಿಯಲ್ಲಿದೆ, ಬೇಕಾದವರು ಕೊಳ್ಳುತ್ತಾರೆ. ಆದರೆ ನಮ್ಮವರಲ್ಲೂ ಗೃಹಪ್ರವೇಶಕ್ಕೆ ಹೋಗಿ ಹೋಮದ ಎದುರೇ ವ್ಯರ್ಥ ತುಪ್ಪದ ಲೆಕ್ಕ ಹೇಳುವವರು, ಶ್ರಾದ್ಧ ಮಾಡುತ್ತಿರುವ ಮಗನಿಗೆ ಆತ್ಮವೆಂಬುದಿಲ್ಲ ಎಂದು ಪಾಠ ಮಾಡುವವರು ಇದ್ದಾರೆ. ಅವರದು ತಪ್ಪು. ದುಃಖದಲ್ಲಿರುವವರ ಮೇಲೆ ವಿಚಾರವಾದ ಹೇರುವುದೂ ಹೇರಿಕೆಯೇ.

ಕೊನೆಯದಾಗಿ, "ಹಾಗಾದರೆ ನಂಬುವವರೂ ನಂಬದವರೂ ದೇವರ ಬಗ್ಗೆ ಮಾತೇ ಆಡಬಾರದೇ?" ಆಡಬೇಕು, ಗಾಂಧೀಜಿ ಮತ್ತು ಗೋರಾ ಆಡಿದ ಹಾಗೆ. ಗೋರಾ ಎಂದೇ ಹೆಸರಾದ ಆಂಧ್ರದ ಗೋಪರಾಜು ರಾಮಚಂದ್ರರಾವ್ 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ಅಸ್ಪೃಶ್ಯತೆಯ ವಿರುದ್ಧ ಅವರು ಮಾಡುತ್ತಿದ್ದ ಕೆಲಸವನ್ನು ಗಾಂಧೀಜಿ ಮೆಚ್ಚಿದ್ದರು, ಸೇವಾಗ್ರಾಮಕ್ಕೆ ಕರೆಸಿಕೊಂಡು ಮಾತಾಡಿದರು. ಬಿಡುಬೀಸಾಗಿ ವಾದವಾಯಿತು. ಕರೆದವರು ಕೇಳಿಸಿಕೊಳ್ಳಲೂ ಸಿದ್ಧರಿದ್ದುದರಿಂದ ಗೋರಾ ಅವರಿಗೆ ಕೋಟೆ ಕಟ್ಟಿಕೊಳ್ಳುವ ಅಗತ್ಯ ಬೀಳಲಿಲ್ಲ. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಆಶ್ರಮದಲ್ಲೇ ಅದನ್ನು ನಡೆಸಲು ಗಾಂಧೀಜಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರು ಬರುವ ಕಡೆ ಸತ್ಯದ ಹೆಸರನ್ನು ಇಡಲೂ ಒಪ್ಪಿದರು. 1948ರ ಮಾರ್ಚ್‌ನಲ್ಲಿ, ಗಾಂಧೀಜಿಯ ಹತ್ಯೆಯಾಗಿ ಆರು ವಾರ ಕಳೆದ ಮೇಲೆ, ಸೇವಾಗ್ರಾಮದಲ್ಲಿ ಮದುವೆ ನಡೆಯಿತು. ಅಷ್ಟೆಲ್ಲ ಮಾತುಕತೆಯ ನಂತರವೂ ಗಾಂಧೀಜಿ ಕೊನೆಯವರೆಗೆ ಆಸ್ತಿಕರಾಗಿಯೇ ಉಳಿದರು, ಗೋರಾ ನಾಸ್ತಿಕರಾಗಿಯೇ ಉಳಿದರು.