ಮಕ್ಕಳಲ್ಲಿ ಅಧಿಕ ತೂಕ ಹಾಗೂ ಬೊಜ್ಜು: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪೋಷಕರ ಗಮನಕ್ಕೆ

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯು ಬಹುಪಾಲು ಮಳೆಯಾಶ್ರಿತ ಪ್ರದೇಶವಾಗಿದ್ದು, ಇಲ್ಲಿ ಮಕ್ಕಳ ಅಪೌಷ್ಟಿಕತೆ ಎಂದೊಡನೆ ಬಡಕಲು ಮಗುವೇ ನೆನಪಿಗೆ ಬರುವುದು ಸಹಜ. ದೊಡ್ಡೇರಿಯಂತಹ ಹೋಬಳಿಯಲ್ಲಿ ಬೊಜ್ಜಿನ ವಿಚಾರ ಅಪ್ರಸ್ತುತವೆಂದೂ ತೋರಬಹುದು. ಅಂಕಿ-ಅಂಶಗಳು ಈ ಅಭಿಪ್ರಾಯವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಅಧಿಕ ತೂಕವುಳ್ಳವರ ಪ್ರಮಾಣ 2015-16ರಲ್ಲಿ ಶೇ. 2.6 ಇದ್ದು, 2019-21ರಲ್ಲಿ ಶೇ. 3.2ಕ್ಕೆ ಏರಿರುತ್ತದೆ. ದೇಶದಲ್ಲಿ ಇದೇ ಅವಧಿಯಲ್ಲಿ ಶೇ. 2.1ರಿಂದ ಶೇ. 3.4 ಆಗಿದೆ. ನೂರಕ್ಕೆ ಮೂರು ಎಂಬುದು ಸಣ್ಣ ಸಂಖ್ಯೆಯೇ ಸರಿ. ಆದರೆ ರಾಜ್ಯದಲ್ಲಿನ ಏರಿಕೆಯು ಮೂಲ ಪ್ರಮಾಣದ ಸುಮಾರು ಕಾಲುಭಾಗದಷ್ಟಾಗುತ್ತದೆ. ಎರಡನೇ ಸಮೀಕ್ಷೆಯಲ್ಲಿಯೇ ರಾಜ್ಯದ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಹೊಂದಿಲ್ಲವೆಂದು ಕಂಡುಬಂದಿರುತ್ತದೆ. ಆದ್ದರಿಂದ ಬೊಜ್ಜಿನ ಭಯದಿಂದ ಮಕ್ಕಳ ಊಟ ಕಡಿತಗೊಳಿಸುವುದು ಪರಿಹಾರವಲ್ಲ, ಅಪಾಯ.

ವಾಸ್ತವವಾಗಿ ಈ ಎರಡೂ ತೊಂದರೆಗಳು ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಮಗುವಿನಲ್ಲಿ ಇರಬಹುದಾಗಿದೆ. ಎತ್ತರ ಕುಂಠಿತವಾದ ಮಗುವಿನ ತೂಕವು ವಯಸ್ಸಿನ ಲೆಕ್ಕದಲ್ಲಿ ಸರಿಯಿದ್ದರೂ ಎತ್ತರದ ಲೆಕ್ಕದಲ್ಲಿ ಹೆಚ್ಚಾಗಿರುವ ಸಾಧ್ಯತೆಯಿದೆ. ತೂಕವೊಂದನ್ನೇ ನೋಡಿದರೆ ಇದು ತಿಳಿಯದು. ಮೈಕೈ ತುಂಬಿಕೊಂಡ ಮಗುವೆಂದರೆ ಆರೋಗ್ಯವಂತ ಮಗುವೆಂಬ ನಂಬಿಕೆಯೂ ಸೇರಿ, ಯಾರೂ ವಿಚಾರಿಸುವುದಿಲ್ಲ.

ಶಾಲಾ ವಯಸ್ಸಿನ ಮಕ್ಕಳಿಗೆ ಕಿಲೋಗ್ರಾಂ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿ ದೇಹ ತೂಕದ ಸೂಚ್ಯಂಕವನ್ನು ಪಡೆಯಲಾಗುತ್ತದೆ. ಉದಾಹರಣೆಗೆ, 130 ಸೆಂ.ಮೀ. ಎತ್ತರ, 32 ಕೆ.ಜಿ. ತೂಕದ ಹತ್ತು ವರ್ಷದ ಬಾಲಕನ ಸೂಚ್ಯಂಕ ಸುಮಾರು 18.9. ವಯಸ್ಕರಿಗೆ ಇದು ಕಡಿಮೆಯೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಆ ವಯಸ್ಸಿನ ಬಾಲಕರಿಗೆ 18.5 ಮೀರಿದರೆ ಅಧಿಕ ತೂಕ, 21.4 ಮೀರಿದರೆ ಬೊಜ್ಜು. ವಯಸ್ಕರ ಪಟ್ಟಿಯನ್ನು ಮಕ್ಕಳಿಗೆ ಅನ್ವಯಿಸತಕ್ಕದ್ದಲ್ಲ.

ತಡೆಗಟ್ಟುವಿಕೆಯು ಶಿಶುವಿಗೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ ನೀಡುವುದರಿಂದ ಆರಂಭವಾಗುತ್ತದೆ. ನಂತರದ ವಿಷಯದಲ್ಲಿ ಈ ಭಾಗದ ಅಡುಗೆಮನೆಯೇ ಸಾಕಷ್ಟು ಒದಗಿಸುತ್ತದೆ: ಮುದ್ದೆ, ಹುರುಳಿ, ಅವರೆ, ಸೊಪ್ಪಿನ ಸಾರು, ಮಜ್ಜಿಗೆ. (ರಾಗಿಯಾದರೂ ಮಿತಿಮೀರಿದರೆ ತೂಕ ಹೆಚ್ಚುತ್ತದೆ, ಕಾಳು, ಸೊಪ್ಪು ಜೊತೆಗಿರಬೇಕು.) ಮಕ್ಕಳು ಶಾಲೆಯಿಂದ ಬರುವಾಗ ಅಂಗಡಿಯಲ್ಲಿ ಕೊಳ್ಳುವ ಐದು ರೂಪಾಯಿಯ ಕುರುಕಲು ಪೊಟ್ಟಣ ಹಾಗೂ ಸಿಹಿ ಪಾನೀಯವೇ ಹೆಚ್ಚು ಚಿಂತೆಯ ವಿಷಯ. ಅದೇ ಹಣಕ್ಕೆ ಕಡಲೆಕಾಯಿ ಅಥವಾ ಬಾಳೆಹಣ್ಣು ಉತ್ತಮ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಆಟದ ಅವಧಿಯನ್ನು ಪಾಠಕ್ಕೆ ಬಳಸಿಕೊಳ್ಳುವ ಶಾಲೆಗಳಿದ್ದಲ್ಲಿ ಪೋಷಕರು ಎಸ್‌.ಡಿ.ಎಂ.ಸಿ. ಸಭೆಯಲ್ಲಿ ಪ್ರಶ್ನಿಸಬಹುದಾಗಿದೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿಯಂತೆ ಶಾಲೆಯ ಆವರಣದಲ್ಲಿ ಹಾಗೂ ಶಾಲಾ ದ್ವಾರದಿಂದ 50 ಮೀಟರ್ ಸುತ್ತಳತೆಯಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲಾ ಮಕ್ಕಳಿಗೆ ಮಾರುವಂತಿಲ್ಲ. ಉಲ್ಲಂಘನೆ ಕಂಡಲ್ಲಿ ಮುಖ್ಯೋಪಾಧ್ಯಾಯರ ಗಮನಕ್ಕೆ ತಂದು, ಆಹಾರ ಸುರಕ್ಷತಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲಾ ಮಕ್ಕಳಿಗೆ ಒಂದು ಬಾರಿ ಆರೋಗ್ಯ ತಪಾಸಣೆಗೆ ಅವಕಾಶವಿದ್ದು, ಇದು ಉಚಿತವಾಗಿರುತ್ತದೆ. ತಪಾಸಣೆಯ ದಿನ ಮಗುವನ್ನು ತಪ್ಪದೇ ಕಳುಹಿಸಿ, ದಾಖಲಾದ ಎತ್ತರ ಮತ್ತು ತೂಕ ಎರಡನ್ನೂ ಕೇಳಿ ಪಡೆಯುವುದು. ಅಂಗನವಾಡಿಗೆ ಹೋಗುವಾಗ ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ಯುವುದು. ಸಂದೇಹವಿದ್ದಲ್ಲಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣಬಹುದಾಗಿದೆ.